ದಾರಿ ಕಟ್ಟಿದರೆ ಗೆದ್ದ ಹಾಗಾ? ಚೆಸ್ ಕಲಿಯುತ್ತಿರುವ ಅಮ್ಮ–ಮಗಳಿಗೆ ಉತ್ತರ

ಪ್ರಶ್ನೆ: ಸರ್, ನಾನು ಮತ್ತು ನನ್ನ ಒಂಬತ್ತು ವರ್ಷದ ಮಗಳು ಒಂದು ತಿಂಗಳಿಂದ ಚೆಸ್ ಕಲಿಯುತ್ತಿದ್ದೇವೆ. ಯಾವ ಕಾಯಿ ಹೇಗೆ ನಡೆಯುತ್ತದೆ ಎಂದು ಗೊತ್ತು. ಆದರೂ ದಿನಾ ಒಂದಲ್ಲ ಒಂದು ತಕರಾರು. ಮೊನ್ನೆ ಅವಳ ಹತ್ತಿರ ಕಪ್ಪು ರಾಜ ಒಂದೇ ಉಳಿದಿತ್ತು, ಮೂಲೆಯ ಎ8 ಮನೆಯಲ್ಲಿ. ನನ್ನ ರಾಜ ಸಿ6ರಲ್ಲಿತ್ತು. ನಾನು ರಾಣಿಯನ್ನು ಬಿ5ರಿಂದ ಬಿ6ಕ್ಕೆ ತಂದೆ. ಅವಳ ರಾಜನಿಗೆ ಎಲ್ಲಿಗೂ ದಾರಿ ಇರಲಿಲ್ಲ. ನಾನು ಗೆದ್ದೆ ಅಂದೆ, ಅವಳು ಡ್ರಾ ಅಂದಳು. ಇನ್ನೊಂದು ವಿಷಯ. ಫೋನಿನಲ್ಲಿ ಆಡುವಾಗ ಎದುರಾಳಿಯ ಪಾನ್ (ಕಾಲಾಳು) ಪಕ್ಕದಲ್ಲಿದ್ದ ನನ್ನ ಪಾನನ್ನು ಹೊಡೆದು, ಬೇರೆಯೇ ಮನೆಯಲ್ಲಿ ಹೋಗಿ ನಿಂತಿತು. ಆಪ್ ಕೆಟ್ಟಿದೆಯಾ? ಕ್ಯಾಸ್ಲಿಂಗ್ ಯಾವಾಗ ಮಾಡಬಹುದು ಅನ್ನುವುದೂ ಗೊಂದಲ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲು ಮೊನ್ನೆಯ ಜಗಳ ಮುಗಿಸೋಣ. ನಿಮ್ಮ ಮಗಳು ಹೇಳಿದ್ದೇ ಸರಿ. ಆ ಆಟ ಡ್ರಾ. ಅವಳಿಗೆ ಶಾಬಾಸ್ ಹೇಳಿ.

ಮನೆಗಳ ಹೆಸರು ಹೊಸದಾದವರಿಗೆ ಒಂದು ಮಾತು: ಬಿಳಿಯ ಕಡೆ ಕೂತವರ ಎಡದಿಂದ ಬಲಕ್ಕೆ ಉದ್ದಸಾಲುಗಳು ಎಯಿಂದ ಎಚ್, ಅವರ ಹತ್ತಿರದಿಂದ ಆಚೆಗೆ ಅಡ್ಡಸಾಲುಗಳು 1ರಿಂದ 8. ನಿಮ್ಮ ರಾಣಿ ಬಿ6ರಲ್ಲಿ ನಿಂತಾಗ ಎ7, ಬಿ7, ಬಿ8 ಮೂರೂ ಮನೆಗಳಿಗೆ ಕಾವಲಾಯಿತು. ಅವಳ ರಾಜ ಅಲ್ಲಿಗೆ ಹೋಗುವ ಹಾಗಿಲ್ಲ. ಆದರೆ ರಾಜ ನಿಂತಿದ್ದ ಎ8 ಮನೆಯ ಮೇಲೆ ನಿಮ್ಮ ರಾಣಿಯ ಕಣ್ಣೇ ಇರಲಿಲ್ಲ. ಅಂದರೆ ರಾಜನಿಗೆ ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ. ಇದಕ್ಕೆ ಸ್ಟೇಲ್‌ಮೇಟ್ ಎನ್ನುತ್ತಾರೆ. ಎಷ್ಟೇ ಕಾಯಿ ಜಾಸ್ತಿ ಇದ್ದರೂ ಆಟ ಅಲ್ಲಿಗೇ ಮುಗಿದು ಸಮ ಆಗುತ್ತದೆ. ಹೊಟ್ಟೆ ಉರಿಯುವ ವಿಷಯ ಏನೆಂದರೆ, ಅದೇ ರಾಣಿಯನ್ನು ನೀವು ಇನ್ನೊಂದೇ ಒಂದು ಮನೆ ಮುಂದೆ, ಬಿ7ಕ್ಕೆ ತಂದಿದ್ದರೆ ಚೆಕ್‌ಮೇಟ್ ಆಗಿ ಗೆದ್ದಿರುತ್ತಿದ್ದಿರಿ. ಬಿ7ರ ರಾಣಿಗೆ ಸಿ6ರ ನಿಮ್ಮ ರಾಜನ ಬೆಂಬಲ ಇರುತ್ತಿತ್ತು, ಹೊಡೆಯುವ ಹಾಗಿರಲಿಲ್ಲ. ಮಣೆಯ ಮೇಲೆ ಎರಡನ್ನೂ ಜೋಡಿಸಿ ನೋಡಿ. ಒಂದು ಮನೆಯ ವ್ಯತ್ಯಾಸ ಅಷ್ಟೇ.

ನಾನು ತುಂಬಾ ವರ್ಷಗಳಿಂದ ಹೊಸಬರಿಗೆ ಚೆಸ್ ಹೇಳಿಕೊಡುತ್ತಿದ್ದೇನೆ. ಕಾಯಿಗಳ ನಡೆಯನ್ನು ಎಲ್ಲರೂ ಒಂದೆರಡು ದಿನದಲ್ಲಿ ಕಲಿಯುತ್ತಾರೆ. ತಕರಾರು ಬರುವುದು ಚೆಕ್, ಸ್ಟೇಲ್‌ಮೇಟ್, ಕ್ಯಾಸ್ಲಿಂಗ್ ಬಂದಾಗ. ಇವನ್ನು ಬೇರೆ ಬೇರೆ ನಿಯಮಗಳು ಅಂದುಕೊಂಡು ಬಾಯಿಪಾಠ ಮಾಡಿದರೆ ನಿಲ್ಲುವುದಿಲ್ಲ. ಇವೆಲ್ಲ ಒಂದೇ ಬೇರಿನಿಂದ ಬಂದವು: ಚೆಸ್‌ನಲ್ಲಿ ರಾಜನನ್ನು ಯಾರೂ ಹೊಡೆಯುವುದಿಲ್ಲ. ಹೊಡೆಸಿಕೊಳ್ಳಲು ಬಿಡುವಂತೆಯೂ ಇಲ್ಲ. ಈ ಒಂದು ಮಾತು ತಲೆಯಲ್ಲಿ ಕೂತರೆ ನಿಮ್ಮ ಅರ್ಧಕ್ಕಿಂತ ಜಾಸ್ತಿ ಜಗಳ ತಾನಾಗಿ ನಿಲ್ಲುತ್ತದೆ.

ಅದಕ್ಕೆ ಬರುವ ಮುಂಚೆ ಮಣೆಯನ್ನು ಸರಿಯಾಗಿ ಇಟ್ಟಿದ್ದೀರಾ ನೋಡಿಕೊಳ್ಳಿ. ಇಬ್ಬರಿಗೂ ಬಲಗೈ ಕಡೆಯ ಹತ್ತಿರದ ಮೂಲೆ ಬಿಳಿ ಮನೆ ಆಗಿರಬೇಕು. ರಾಣಿ ತನ್ನದೇ ಬಣ್ಣದ ಮನೆಯಲ್ಲಿ ನಿಲ್ಲುತ್ತಾಳೆ, ಬಿಳಿ ರಾಣಿ ಬಿಳಿ ಮನೆಯಲ್ಲಿ, ಕಪ್ಪು ರಾಣಿ ಕಪ್ಪು ಮನೆಯಲ್ಲಿ. ಆಗ ಎರಡೂ ರಾಣಿಯರು ಎದುರುಬದುರು ಬರುತ್ತಾರೆ. ಮಣೆ ತಿರುಗಿ ಹೋಗಿದ್ದರೆ ರಾಜ–ರಾಣಿ ಅದಲುಬದಲಾಗುತ್ತವೆ. ಆಡಲು ಶುರು ಮಾಡುವುದು ಯಾವಾಗಲೂ ಬಿಳಿ.

ಹೆಸರುಗಳ ಬಗ್ಗೆಯೂ ಒಂದು ಮಾತು. ಮೂಲೆಯ ಕಾಯಿಯನ್ನು ನಾನು ಆನೆ ಎನ್ನುತ್ತೇನೆ, ರಾಜ–ರಾಣಿಯ ಪಕ್ಕದ ಕಾಯಿಯನ್ನು ಒಂಟೆ ಎನ್ನುತ್ತೇನೆ. ಕೆಲವರು ಮೂಲೆಯದನ್ನು ರಥ ಎಂದೂ ಒಂಟೆಯನ್ನು ಆನೆ ಎಂದೂ ಕರೆಯುತ್ತಾರೆ. ಅವರು ಹೇಳುವುದು ತಪ್ಪೇನಲ್ಲ. ಹಳೆಯ ಚತುರಂಗ ಎಂದರೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯ. ರಾಣಿಯನ್ನು ಮಂತ್ರಿ ಎನ್ನುವುದೂ ಆ ಕಾಲದ ನೆನಪು. ಆಗ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಈಗಿನ ರಾಣಿಯ ಓಟ ಬಂದದ್ದು ಯುರೋಪಿನಲ್ಲಿ, 15ನೇ ಶತಮಾನದ ಕೊನೆಯ ಹೊತ್ತಿಗೆ. ನೀವಿಬ್ಬರೂ ಒಂದೇ ಹೆಸರು ಹಿಡಿದುಕೊಂಡರೆ ಸಾಕು.

ನಡೆಗಳು ಗೊತ್ತು ಅಂದಿದ್ದೀರಿ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಆನೆ ನೇರ, ಒಂಟೆ ಓರೆ, ರಾಣಿ ಎರಡೂ, ರಾಜ ಯಾವ ಕಡೆಗಾದರೂ ಒಂದೇ ಮನೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ. ಬೇರೆ ಕಾಯಿಗಳ ಮೇಲೆ ಹಾರುವುದು ಕುದುರೆ ಮಾತ್ರ. ಖಾಲಿ ಮಣೆಯ ನಡುವೆ ನಿಂತ ಕುದುರೆಗೆ 8 ಮನೆ ಸಿಗುತ್ತವೆ, ಮೂಲೆಯಲ್ಲಿ ಬರೀ 2. ಆನೆಗೆ ಮಾತ್ರ ಎಲ್ಲಿ ನಿಂತರೂ 14 ಮನೆ. ಮಗಳಿಗೆ ಎಣಿಸಲು ಹೇಳಿ, ಈ ವಯಸ್ಸಿನ ಮಕ್ಕಳಿಗೆ ಇದು ತುಂಬಾ ಖುಷಿ ಕೊಡುತ್ತದೆ.

ಈಗ ರಾಜನ ವಿಷಯ. ಯಾವುದೇ ನಡೆ ಆಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಈ ನಡೆ ಆದ ಮೇಲೆ ಎದುರಾಳಿಯ ಯಾವುದಾದರೂ ಕಾಯಿ ನನ್ನ ರಾಜನ ಮನೆಗೆ ಬಂದು ಬೀಳಬಹುದಾ?’ ಹೌದು ಎಂದಾದರೆ ಆ ನಡೆಯೇ ಇಲ್ಲ. ಅದು ಕೆಟ್ಟ ನಡೆ ಅಲ್ಲ, ಆಡಲೇಬಾರದ ನಡೆ. ಹೊಸಬರು ಕಾವಲಿರುವ ಮನೆಗೆ ರಾಜನನ್ನು ಇಟ್ಟುಬಿಡುತ್ತಾರೆ, ಎದುರಿನವರು ಕೂಡಲೇ ರಾಜನನ್ನು ಹೊಡೆದು ‘ಗೆದ್ದೆ’ ಎನ್ನುತ್ತಾರೆ. ಹಾಗೆ ಗೆಲ್ಲುವುದಿಲ್ಲ. ತಪ್ಪು ನಡೆಯನ್ನು ವಾಪಸ್ ತೆಗೆದು ಬೇರೆ ನಡೆ ಆಡಬೇಕು. ಟೂರ್ನಿಗಳಲ್ಲಿ ಇದಕ್ಕೆ ದಂಡ ಇದೆ. ದೊಡ್ಡ ಅವಧಿಯ ಆಟದಲ್ಲಿ ಮೊದಲ ಸಲ ನಿಯಮ ಮೀರಿದ ನಡೆ ಆಡಿದರೆ ಎದುರಾಳಿಗೆ 2 ನಿಮಿಷ ಹೆಚ್ಚು ಕೊಡುತ್ತಾರೆ. ಎರಡನೇ ಸಲಕ್ಕೆ ಆಟವೇ ಹೋಗುತ್ತದೆ.

ಎದುರಾಳಿಯ ಕಾಯಿ ನಿಮ್ಮ ರಾಜನ ಮೇಲೆ ಕಣ್ಣಿಟ್ಟಿದ್ದರೆ ಅದು ಚೆಕ್. ತಪ್ಪಿಸಿಕೊಳ್ಳಲು ಮೂರೇ ದಾರಿ. ರಾಜ ಸರಿಯಬೇಕು, ಇಲ್ಲವೇ ನಡುವೆ ಒಂದು ಕಾಯಿ ಅಡ್ಡ ಇಡಬೇಕು, ಇಲ್ಲವೇ ಚೆಕ್ ಕೊಟ್ಟ ಕಾಯಿಯನ್ನೇ ಹೊಡೆಯಬೇಕು. ಕುದುರೆ ಚೆಕ್ ಕೊಟ್ಟರೆ ಅಡ್ಡ ಇಡುವ ದಾರಿ ಮುಚ್ಚಿದಂತೆ, ಏಕೆಂದರೆ ಕುದುರೆಗೆ ನಡುವೆ ಅನ್ನುವುದೇ ಇಲ್ಲ. ಒಂದೇ ನಡೆಯಲ್ಲಿ ಎರಡು ಕಾಯಿಗಳಿಂದ ಚೆಕ್ ಬಂದರೆ ರಾಜ ಸರಿಯುವುದೊಂದೇ ಉಳಿಯುತ್ತದೆ. ಮೂರು ದಾರಿಯೂ ಇಲ್ಲದಿದ್ದರೆ ಚೆಕ್‌ಮೇಟ್. ಅಲ್ಲಿಗೆ ಆಟ ಮುಗಿಯಿತು, ರಾಜನನ್ನು ಎತ್ತಿ ಹೊರಗೆ ಇಡುವ ಅಗತ್ಯವಿಲ್ಲ. ಅಂದ ಹಾಗೆ ‘ಚೆಕ್’ ಎಂದು ಬಾಯಿಬಿಟ್ಟು ಹೇಳಬೇಕೆಂಬ ನಿಯಮ ಇಲ್ಲ. ಕಲಿಯುವಾಗ ಹೇಳಿದರೆ ಒಳ್ಳೆಯದು, ಅಷ್ಟೇ.

ಇದರಲ್ಲೇ ಒಂದು ಸೂಕ್ಷ್ಮ ಇದೆ. ನಿಮ್ಮ ಕಾಯಿಯೊಂದು ನಿಮ್ಮದೇ ರಾಜನಿಗೆ ಅಡ್ಡ ನಿಂತಿದೆ, ಅದು ಸರಿದರೆ ನಿಮಗೇ ಚೆಕ್. ಆ ಕಾಯಿ ಕಾಯುತ್ತಿರುವ ಮನೆಗೆ ಎದುರಾಳಿಯ ರಾಜ ಬರಬಹುದಾ? ‘ಅದಕ್ಕೆ ಕದಲೋಕೇ ಆಗಲ್ವಲ್ಲ, ಬರಬಹುದು’ ಎಂದು ತುಂಬಾ ಜನ ವಾದ ಮಾಡುತ್ತಾರೆ. ಬರುವಂತಿಲ್ಲ. ಕದಲಲಾಗದ ಕಾಯಿಯ ಕಾವಲೂ ಕಾವಲೇ. ಸುಮ್ನೆ ಹೀಗೆ ಊಹಿಸಿಕೊಳ್ಳಿ: ರಾಜನನ್ನು ಹೊಡೆಯಬಹುದು ಎಂದೇ ಇಟ್ಟುಕೊಂಡರೆ ಯಾರ ರಾಜ ಮೊದಲು ಬೀಳುತ್ತಿತ್ತು? ಆ ಮನೆಗೆ ಬಂದವನದೇ ಅಲ್ವಾ? ಆಗ ಉತ್ತರ ತಾನಾಗಿ ಸಿಗುತ್ತದೆ.

ಸ್ಟೇಲ್‌ಮೇಟ್ ಕೂಡ ಇದೇ ಬೇರಿನ ಇನ್ನೊಂದು ಕೊಂಬೆ. ನಿಮ್ಮ ಮಗಳ ಸರದಿ, ಆದರೆ ಅವಳ ರಾಜ ಎಲ್ಲಿಗೆ ಹೋದರೂ ಹೊಡೆತಕ್ಕೆ ಸಿಗುತ್ತದೆ. ಅಂಥ ನಡೆ ಆಡುವಂತಿಲ್ಲ. ಬೇರೆ ಕಾಯಿ ಇಲ್ಲ. ಈಗಿರುವ ಜಾಗದಲ್ಲಿ ಅಪಾಯವೂ ಇಲ್ಲ. ಆಟ ಮುಂದೆ ಹೋಗುವ ಹಾಗಿಲ್ಲ, ರಾಜ ಸಿಕ್ಕಿಬಿದ್ದೂ ಇಲ್ಲ. ಹಾಗಾಗಿ ಡ್ರಾ. ನಿಮಗೆ ಇದು ಅನ್ಯಾಯ ಅನಿಸಿದ್ದರೆ ನೀವು ಒಬ್ಬರೇ ಅಲ್ಲ. ಹಿಂದಿನ ಕಾಲದಲ್ಲಿ ಇದು ಒಂದೊಂದು ಕಡೆ ಒಂದೊಂದು ಥರ ಇತ್ತು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಸ್ಟೇಲ್‌ಮೇಟ್ ಮಾಡಿದವನೇ ಸೋತ ಎಂದು ಲೆಕ್ಕ! ಡ್ರಾ ಎನ್ನುವುದು ಅಲ್ಲಿ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ನನಗಂತೂ ಈ ನಿಯಮ ತುಂಬಾ ಇಷ್ಟ. ಎಲ್ಲ ಕಳೆದುಕೊಂಡವರಿಗೂ ಕೊನೆಯ ನಡೆಯವರೆಗೆ ಆಸೆ ಇರುತ್ತದೆ, ಗೆಲ್ಲುತ್ತಿರುವವರು ಕೊನೆಯ ನಡೆಯವರೆಗೂ ಕಣ್ಣು ಬಿಟ್ಟುಕೊಂಡು ಆಡಬೇಕು.

ಈಗ ಕ್ಯಾಸ್ಲಿಂಗ್. ರಾಜ ಆನೆಯ ಕಡೆಗೆ ಎರಡು ಮನೆ ಸರಿಯುತ್ತದೆ, ಆನೆ ರಾಜನನ್ನು ದಾಟಿ ಆ ಕಡೆಯ ಪಕ್ಕದ ಮನೆಗೆ ಬರುತ್ತದೆ. ಎರಡೂ ಸೇರಿ ಒಂದೇ ನಡೆ. ಬಿಳಿಯ ರಾಜ ಇ1ರಿಂದ ಜಿ1ಕ್ಕೆ ಹೋದರೆ ಎಚ್1ರ ಆನೆ ಎಫ್1ಕ್ಕೆ. ಇನ್ನೊಂದು ಕಡೆಗಾದರೆ ರಾಜ ಸಿ1ಕ್ಕೆ, ಎ1ರ ಆನೆ ಡಿ1ಕ್ಕೆ. ಆ ರಾಜ, ಆ ಆನೆ ಎರಡೂ ಆಟದಲ್ಲಿ ಒಮ್ಮೆಯೂ ಕದಲಿರಬಾರದು. ಒಂದು ಮನೆ ಹೋಗಿ ವಾಪಸ್ ಬಂದಿದ್ದರೂ ಆಗುವುದಿಲ್ಲ. ನಡುವಿನ ಮನೆಗಳೆಲ್ಲ ಖಾಲಿ ಇರಬೇಕು. ರಾಜನಿಗೆ ಆ ಹೊತ್ತಿನಲ್ಲಿ ಚೆಕ್ ಇರಬಾರದು, ದಾಟುವ ಮನೆಯ ಮೇಲೂ ತಲುಪುವ ಮನೆಯ ಮೇಲೂ ಎದುರಾಳಿಯ ಕಣ್ಣಿರಬಾರದು.

ಗಮನಿಸಿ, ಈ ಅಪಾಯದ ಮಾತೆಲ್ಲ ರಾಜನಿಗೆ ಮಾತ್ರ. ಆನೆಯ ಮೇಲೆ ದಾಳಿ ಇದ್ದರೂ ಪರವಾಗಿಲ್ಲ. ಉದ್ದದ ಕಡೆಯ, ಅಂದರೆ ಎ1ರ ಆನೆಯ ಕಡೆಯ ಕ್ಯಾಸ್ಲಿಂಗ್‌ನಲ್ಲಿ ಆನೆ ಬಿ1 ಮನೆಯನ್ನು ದಾಟುತ್ತದೆ, ಅಲ್ಲಿ ಎದುರಾಳಿಯ ಕಣ್ಣಿದ್ದರೂ ತೊಂದರೆ ಇಲ್ಲ, ರಾಜ ಆ ಮನೆಗೆ ಹೋಗುವುದೇ ಇಲ್ಲವಲ್ಲ. ಹಿಂದೆ ಯಾವಾಗಲೋ ರಾಜನಿಗೆ ಚೆಕ್ ಬಂದಿತ್ತು, ರಾಜ ಕದಲದೆ ಅಡ್ಡ ಇಟ್ಟು ತಪ್ಪಿಸಿಕೊಂಡಿದ್ದಿರಿ ಅಂದರೆ, ಆಮೇಲೂ ಕ್ಯಾಸ್ಲಿಂಗ್ ಮಾಡಬಹುದು. ‘ಒಮ್ಮೆ ಚೆಕ್ ಆಯಿತು, ಇನ್ನು ಕ್ಯಾಸ್ಲಿಂಗ್ ಇಲ್ಲ’ ಎನ್ನುವುದು ಎಲ್ಲೆಡೆ ಕೇಳಿಬರುವ ತಪ್ಪು ಮಾತು.

ನಿಮಗೆ ಇಲ್ಲಿ ಗೊಂದಲ ಆಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. 1974ರಲ್ಲಿ ಮಾಸ್ಕೋದಲ್ಲಿ ಅನಾತೊಲಿ ಕಾರ್ಪೋವ್ ಮತ್ತು ವಿಕ್ಟರ್ ಕೊರ್ಚನಾಯ್ ನಡುವೆ ಕ್ಯಾಂಡಿಡೇಟ್ಸ್ ಫೈನಲ್ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಪಂದ್ಯ) ನಡೆಯಿತು. ಅದರ 21ನೇ ಆಟದಲ್ಲಿ ಕೊರ್ಚನಾಯ್ ಆನೆಯ ಮೇಲೆ ದಾಳಿ ಇತ್ತು. ಹಾಗಿದ್ದಾಗ ಕ್ಯಾಸ್ಲಿಂಗ್ ಮಾಡಬಹುದೇ ಎಂದು ಅವರು ತೀರ್ಪುಗಾರರನ್ನು ಕೇಳಿ ಖಚಿತ ಮಾಡಿಕೊಂಡರು. ಜಗತ್ತಿನ ತುದಿಯ ಆಟಗಾರ, ಸಾವಿರಾರು ಆಟ ಆಡಿದವರು. ಮಾಡಬಹುದು ಎಂದು ಉತ್ತರ ಬಂತು, ಕ್ಯಾಸ್ಲಿಂಗ್ ಮಾಡಿದರು, ಆ ಆಟವನ್ನು ಗೆದ್ದರು. ಅನುಮಾನ ಬಂದಾಗ ಕೇಳಿಬಿಡುವುದನ್ನು ನಾನು ಹೊಸಬರಿಗೆ ಈ ಕಥೆಯಿಂದಲೇ ಹೇಳಿಕೊಡುತ್ತೇನೆ.

ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನನ್ನು ಮುಟ್ಟಿ. ಆನೆಯನ್ನು ಮೊದಲು ಹಿಡಿದರೆ ಟೂರ್ನಿಯಲ್ಲಿ ಆನೆಯ ನಡೆಯನ್ನೇ ಆಡಬೇಕಾಗುತ್ತದೆ. ಅಲ್ಲಿ ಮುಟ್ಟಿದ ಕಾಯಿಯನ್ನು ಆಡಲೇಬೇಕು, ಎದುರಾಳಿಯ ಕಾಯಿಯನ್ನು ಮುಟ್ಟಿದರೆ ಹೊಡೆಯಲು ಸಾಧ್ಯವಿದ್ದಾಗ ಹೊಡೆಯಲೇಬೇಕು. ಓರೆಯಾಗಿ ನಿಂತ ಕಾಯಿಯನ್ನು ಸರಿಮಾಡಬೇಕಿದ್ದರೆ ಮುಟ್ಟುವ ಮುಂಚೆ ‘ಸರಿಮಾಡುತ್ತೇನೆ’ ಎಂದು ಹೇಳಬೇಕು. ನಾನು ಹುಡುಗನಾಗಿದ್ದಾಗ ನನ್ನ ಮೊದಲ ಟೂರ್ನಿಯಲ್ಲಿ ಗೆಲ್ಲುವ ಆಟವನ್ನು ಹೀಗೇ ಕಳೆದುಕೊಂಡೆ. ಒಂಟೆ ಆಡಬೇಕೆಂದು ಹೋದ ಕೈ ರಾಣಿಯನ್ನು ಹಿಡಿಯಿತು, ರಾಣಿಗೆ ಇದ್ದ ನಡೆಗಳಲ್ಲಿ ಒಂದೂ ಒಳ್ಳೆಯದಿರಲಿಲ್ಲ. ಆ ದಿನ ಮನೆಗೆ ಬಂದು ಅತ್ತಿದ್ದೆ. ಮನೆಯಲ್ಲಿ ಮಗಳ ಜೊತೆ ಮೊದಲ ದಿನದಿಂದಲೇ ಈ ನಿಯಮ ಇಟ್ಟುಕೊಳ್ಳಿ. ಕೈ ಹೋಗುವ ಮುಂಚೆ ಕಣ್ಣು ಹೋಗುವ ಅಭ್ಯಾಸ ಬೀಳುತ್ತದೆ.

ಇನ್ನು ಫೋನಿನಲ್ಲಿ ಆದದ್ದು. ಆಪ್ ಕೆಟ್ಟಿಲ್ಲ. ಎದುರಾಳಿ ಆಡಿದ್ದು ಆಂ ಪಾಸಾಂ. ಫ್ರೆಂಚ್ ಮಾತು, ಹಾದು ಹೋಗುವಾಗ ಎಂದು ಅರ್ಥ. ಪಾನ್ ನೇರ ನಡೆಯುತ್ತದೆ, ಓರೆಯಾಗಿ ಹೊಡೆಯುತ್ತದೆ, ಹಿಂದೆ ಬರುವುದಿಲ್ಲ. ತನ್ನ ಮೊದಲ ನಡೆಯಲ್ಲಿ ಬೇಕಾದರೆ ಎರಡು ಮನೆ ಹೋಗಬಹುದು. ಹಳೆಯ ಆಟದಲ್ಲಿ ಪಾನ್‌ಗೆ ಯಾವಾಗಲೂ ಒಂದೇ ಮನೆ. ಆಟ ಚುರುಕಾಗಲಿ ಎಂದು ಎರಡು ಮನೆ ಬಂತು. ಬಂದ ಮೇಲೆ ಒಂದು ತೊಂದರೆ ಕಾಣಿಸಿತು. ಬಿಳಿಯ ಪಾನ್ ಕಷ್ಟಪಟ್ಟು ಇ5ರವರೆಗೆ ಬಂದು ಡಿ6 ಮನೆಯನ್ನು ಕಾಯುತ್ತಿದೆ ಎಂದುಕೊಳ್ಳಿ. ಕಪ್ಪು ಪಾನ್ ಡಿ7ರಿಂದ ಒಂದು ಮನೆ ಬಂದಿದ್ದರೆ ಹೊಡೆತ ಬೀಳುತ್ತಿತ್ತು. ಈಗ ಒಂದೇ ಜಿಗಿತಕ್ಕೆ ಡಿ5ಕ್ಕೆ ಬಂದು ತಪ್ಪಿಸಿಕೊಂಡುಬಿಟ್ಟಿತು. ಅದಕ್ಕೇ ಈ ನಿಯಮ. ಅದು ಒಂದೇ ಮನೆ ಬಂದಿದೆ ಎಂಬಂತೆ ಬಿಳಿಯ ಪಾನ್ ಡಿ6ಕ್ಕೆ ಓರೆಯಾಗಿ ಹೋಗಿ ನಿಲ್ಲುತ್ತದೆ, ಡಿ5ರ ಕಪ್ಪು ಪಾನ್ ಹೊರಗೆ ಹೋಗುತ್ತದೆ.

ಹೀಗೆ ಹೊಡೆಯಲು ಸಿಗುವುದು ಒಂದೇ ಅವಕಾಶ, ಆ ಜಿಗಿತದ ಮರುನಡೆ. ಆಗ ಬಿಟ್ಟರೆ ಹೋಯಿತು. ಪಾನ್ ಪಾನನ್ನು ಮಾತ್ರ ಹೀಗೆ ಹೊಡೆಯಬಹುದು, ಬೇರೆ ಕಾಯಿಗಳಿಗೆ ಈ ಹಕ್ಕಿಲ್ಲ. ಮಗಳಿಗೆ ಹೇಳಿಕೊಡುವಾಗ ಕಪ್ಪು ಪಾನನ್ನು ಮೊದಲು ಡಿ6ರಲ್ಲಿ ಒಂದು ಕ್ಷಣ ನಿಲ್ಲಿಸಿ, ಆಮೇಲೆ ಡಿ5ಕ್ಕೆ ತಳ್ಳಿ. ಹಾದು ಹೋಗುವುದು ಕಣ್ಣಿಗೆ ಕಂಡರೆ ಮತ್ತೆ ಮರೆಯುವುದಿಲ್ಲ.

ಪಾನ್ ಕೊನೆಯ ಸಾಲು ಮುಟ್ಟಿದರೆ ಅದನ್ನು ರಾಣಿ, ಆನೆ, ಒಂಟೆ, ಕುದುರೆ ಈ ನಾಲ್ಕರಲ್ಲಿ ಒಂದಾಗಿ ಬದಲಾಯಿಸಲೇಬೇಕು, ಆ ನಡೆಯಲ್ಲೇ. ಹೊರಗೆ ಹೋದ ಕಾಯಿಯನ್ನೇ ತರಬೇಕು ಎಂದೇನಿಲ್ಲ. ರಾಣಿ ಇರುವಾಗಲೇ ಎರಡನೇ ರಾಣಿ, ಮೂರನೇ ರಾಣಿ ಬರಬಹುದು. ಮನೆಯಲ್ಲಿ ಇನ್ನೊಂದು ರಾಣಿ ಇಲ್ಲದಿದ್ದರೆ ಆನೆಯನ್ನು ತಲೆಕೆಳಗೆ ಇಟ್ಟು ರಾಣಿ ಎಂದುಕೊಳ್ಳಿ. ಆದರೆ ಟೂರ್ನಿಯಲ್ಲಿ ಹಾಗೆ ಮಾಡಬೇಡಿ. 2017ರ ಕೆನಡಾ ಚಾಂಪಿಯನ್‌ಷಿಪ್ ನಿರ್ಧರಿಸುವ ಆಟದಲ್ಲಿ ಆಟಗಾರರೊಬ್ಬರು ಅವಸರದಲ್ಲಿ ಹೀಗೇ ಇಟ್ಟರು. ತಲೆಕೆಳಗಾದರೂ ಆನೆ ಆನೆಯೇ ಎಂದು ತೀರ್ಪು ಬಂತು. ಗಡಿಯಾರ ನಿಲ್ಲಿಸಿ ರಾಣಿ ಕೇಳಿ ಪಡೆಯುವುದು ಸರಿಯಾದ ಕ್ರಮ.

ರಾಣಿ ಸಿಗುವಾಗ ಯಾರಾದರೂ ಆನೆ ತೆಗೆದುಕೊಳ್ಳುತ್ತಾರಾ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಆಗ ಈ ಸ್ಥಿತಿ ಜೋಡಿಸಿ. ಬಿಳಿಯ ರಾಜ ಸಿ2, ಬಿಳಿಯ ಪಾನ್ ಸಿ7. ಕಪ್ಪು ರಾಜ ಎ1, ಕಪ್ಪು ಆನೆ ಡಿ4. ಬಿಳಿಯ ಸರದಿ. ಪಾನ್ ಸಿ8ಕ್ಕೆ ಹೋಗಿ ರಾಣಿಯಾದರೆ ಕಪ್ಪು ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ರಾಣಿ ಆ ಆನೆಯನ್ನು ಹೊಡೆದರೆ ಸ್ಟೇಲ್‌ಮೇಟ್, ನಿಮ್ಮ ಮೊನ್ನೆಯ ಕಥೆಯೇ. ಬದಲಿಗೆ ಆನೆ ತೆಗೆದುಕೊಂಡರೆ ಆ ಬಲೆ ಇಲ್ಲ, ಎ8ರಲ್ಲಿ ಚೆಕ್‌ಮೇಟ್ ಬೆದರಿಕೆ ಮಾತ್ರ ಇದೆ. ಕಪ್ಪು ತನ್ನ ಆನೆಯನ್ನು ಎ4ಕ್ಕೆ ತಂದು ತಡೆಯಬೇಕು. ಆಗ ಬಿಳಿಯ ರಾಜ ಬಿ3ಕ್ಕೆ ಬರುತ್ತದೆ. ಎ4ರ ಆನೆಯ ಮೇಲೆ ದಾಳಿ, ಸಿ1ರಲ್ಲಿ ಚೆಕ್‌ಮೇಟ್ ಬೆದರಿಕೆ, ಎರಡೂ ಒಟ್ಟಿಗೆ. ಬಿಳಿ ಗೆಲ್ಲುತ್ತದೆ. 1895ರಲ್ಲಿ ಈ ನಡೆಯನ್ನು ಕಂಡುಹಿಡಿದವರು ಗ್ಲಾಸ್ಗೋದಲ್ಲಿದ್ದ ಸಾವೆದ್ರಾ ಎಂಬ ಪಾದ್ರಿ. ಚೆಸ್ ಲೋಕ ಅವರನ್ನು ನೆನಪಿಟ್ಟುಕೊಂಡಿರುವುದು ಈ ಒಂದು ನಡೆಗಾಗಿ. ಎಷ್ಟು ಸಲ ತೋರಿಸಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಡ್ರಾ ಆಗುವ ಬೇರೆ ದಾರಿಗಳೂ ಇವೆ. ಇಬ್ಬರೂ ಒಪ್ಪಿಕೊಂಡರೆ ಡ್ರಾ. ಅದೇ ಸ್ಥಿತಿ, ಅದೇ ಸರದಿಯಲ್ಲಿ, ಮೂರು ಸಲ ಬಂದರೆ ಡ್ರಾ ಕೇಳಬಹುದು. ಸಾಲಾಗಿ ಬರಬೇಕೆಂದಿಲ್ಲ. ಇಬ್ಬರೂ ತಲಾ 50 ನಡೆ ಆಡಿದರೂ ಒಂದು ಕಾಯಿ ಹೊಡೆದಿಲ್ಲ, ಒಂದು ಪಾನ್ ಕದಲಿಲ್ಲ ಅಂದರೂ ಡ್ರಾ ಕೇಳಬಹುದು. ಬರೀ ರಾಜನ ಎದುರು ರಾಜನ ಜೊತೆ ಒಂದೇ ಒಂಟೆ ಅಥವಾ ಒಂದೇ ಕುದುರೆ ಉಳಿದರೆ ಚೆಕ್‌ಮೇಟ್ ಸಾಧ್ಯವೇ ಇಲ್ಲ, ಹಾಗಾಗಿ ಅಲ್ಲಿಗೆ ಡ್ರಾ. ‘ಒಂದೇ ರಾಜ ಉಳಿದರೆ ಇಷ್ಟು ನಡೆಯೊಳಗೆ ಗೆಲ್ಲಬೇಕು’ ಎಂದು ಮನೆಗಳಲ್ಲಿ ಹದಿನಾರೋ ಇಪ್ಪತ್ತೊಂದೋ ಎಣಿಸುತ್ತಾರಲ್ಲ, ಅಂಥ ನಿಯಮ ಚೆಸ್‌ನಲ್ಲಿ ಇಲ್ಲ.

ಕೊನೆಯದಾಗಿ, ಮೊನ್ನೆ ಕೈತಪ್ಪಿದ ಗೆಲುವನ್ನು ಮುಂದಿನ ಸಲ ಹಿಡಿಯುವುದು ಹೇಗೆ ಎಂದು ಹೇಳಿಬಿಡುತ್ತೇನೆ. ಮಗಳ ರಾಜನನ್ನು ಮಣೆಯ ನಡುವೆ ಇಡಿ, ನಿಮ್ಮ ಹತ್ತಿರ ರಾಜ ಮತ್ತು ರಾಣಿ. ರಾಣಿಯನ್ನು ಅವಳ ರಾಜನಿಂದ ಒಂದು ಕುದುರೆ ನಡೆಯಷ್ಟು ದೂರದಲ್ಲಿ ನಿಲ್ಲಿಸಿ. ಅವಳ ರಾಜ ಯಾವ ಕಡೆಗೆ ಸರಿಯುತ್ತದೋ ರಾಣಿಯೂ ಅದೇ ಕಡೆಗೆ ಅಷ್ಟೇ ಸರಿಯಲಿ. ಚೆಕ್ ಕೊಡುವ ಆಸೆ ಬೇಡ. ರಾಜ ತಾನಾಗಿ ಅಂಚಿಗೆ, ಅಲ್ಲಿಂದ ಮೂಲೆಗೆ ಹೋಗುತ್ತದೆ. ಮೂಲೆ ಸೇರಿದ ಕೂಡಲೇ ಹಿಂಬಾಲಿಸುವುದನ್ನು ನಿಲ್ಲಿಸಬೇಕು. ಮೂಲೆಯ ರಾಜನಿಂದ ಕುದುರೆ ನಡೆಯ ದೂರದಲ್ಲಿ ರಾಣಿ ನಿಂತರೆ ಸ್ಟೇಲ್‌ಮೇಟ್. ಎ8 ಮತ್ತು ಬಿ6, ಎಣಿಸಿ ನೋಡಿ, ನೀವು ನಿಂತದ್ದು ಅಲ್ಲೇ. ಬದಲಿಗೆ, ಅವಳ ರಾಜ ಬಿ8ರಲ್ಲಿ, ನಿಮ್ಮ ರಾಣಿ ಡಿ7ರಲ್ಲಿ ಇದೆ ಎಂದುಕೊಳ್ಳಿ. ರಾಜ ಎ8 ಮೂಲೆಗೆ ಹೋದಾಗ ರಾಣಿ ಡಿ7ರಲ್ಲೇ ಉಳಿದರೆ ಅವಳ ರಾಜ ಎ8, ಬಿ8 ಎಂದು ಎರಡೇ ಮನೆಗಳ ನಡುವೆ ಓಡಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ರಾಜನನ್ನು ನಿಧಾನವಾಗಿ ಸಿ6ಕ್ಕೆ ನಡೆಸಿಕೊಂಡು ಬನ್ನಿ. ಬಂದ ಮೇಲೆ ರಾಣಿ ಬಿ7ಕ್ಕೆ.